ನಿಯಮ ಬದಿಗಿಟ್ಟು ನಡೆಯುವ ಸದನ: ಟೆಕ್ಸಸ್ ಸೆನೆಟ್‌ನ ದಿನಚರಿ

ಟೆಕ್ಸಸ್ ರಾಜ್ಯದ ಸೆನೆಟ್ ಎರಡು ವರ್ಷಕ್ಕೊಮ್ಮೆ ಮಾತ್ರ ಕೂಡುತ್ತದೆ. ಬೆಸಸಂಖ್ಯೆಯ ವರ್ಷದ ಜನವರಿಯಲ್ಲಿ, ಎರಡನೇ ಮಂಗಳವಾರ ಮಧ್ಯಾಹ್ನ 12 ಗಂಟೆಗೆ ಆಸ್ಟಿನ್ ನಗರದಲ್ಲಿ ಶುರುವಾಗುವ ಅಧಿವೇಶನ 140 ದಿನಗಳೊಳಗೆ ಮುಗಿಯಲೇಬೇಕು. ಇದು ರಾಜ್ಯದ ಸಂವಿಧಾನವೇ ಹಾಕಿದ ಗಡುವು. 2023ರಲ್ಲಿ ಜನವರಿ 10ರಂದು ಸೇರಿದ ಸದನ ಮೇ 29ಕ್ಕೆ ಮನೆಗೆ ಹೋಯಿತು. ನಡುವೆ ತುರ್ತು ಬಿದ್ದರೆ ಗವರ್ನರ್ ವಿಶೇಷ ಅಧಿವೇಶನ ಕರೆಯಬಹುದು, ಆದರೆ ಅದು 30 ದಿನ ಮೀರುವಂತಿಲ್ಲ, ಅಲ್ಲಿ ಯಾವ ವಿಷಯ ಬರಬೇಕೆಂದು ಗೊತ್ತುಮಾಡುವವರೂ ಅವರೇ. 2020ರ ಜನಗಣತಿಯ ಪ್ರಕಾರ 2.91 ಕೋಟಿ ಜನರಿರುವ ರಾಜ್ಯದ ಎರಡು ವರ್ಷದ ಬಜೆಟ್ಟು, ಎರಡು ವರ್ಷಕ್ಕಾಗುವಷ್ಟು ಕಾನೂನು ಎಲ್ಲವೂ ಇಷ್ಟು ದಿನಗಳಲ್ಲಿ ಆಗಬೇಕು. 2023ರಲ್ಲಿ ಎರಡೂ ಸದನಗಳಲ್ಲಿ ಸೇರಿ ಮಂಡನೆಯಾದ ಮಸೂದೆಗಳು 8 ಸಾವಿರ ದಾಟಿದ್ದವು, ಗವರ್ನರ್ ಮೇಜಿನ ತನಕ ಹೋದವು ಸುಮಾರು 1,250. ಈ ಸದನದ ದಿನಚರಿಯಲ್ಲಿ ಹೊರಗಿನವರಿಗೆ ವಿಚಿತ್ರವಾಗಿ ಕಾಣುವ ಬಹುಪಾಲು ಸಂಗತಿಗಳು ಹುಟ್ಟಿದ್ದು ಈ ಇಕ್ಕಟ್ಟಿನಲ್ಲಿ.

ಸದಸ್ಯರು 31 ಮಂದಿ. ಈ ಸಂಖ್ಯೆಯನ್ನು ಗೊತ್ತುಮಾಡಿದ್ದು 1876ರ ಸಂವಿಧಾನ; ಜನಸಂಖ್ಯೆ ಎಷ್ಟೇ ಬೆಳೆದರೂ ಕುರ್ಚಿ ಹೆಚ್ಚಲಿಲ್ಲ. ಹಾಗಾಗಿ ಇಂದು ಒಬ್ಬ ಸೆನೆಟರ್ ಸುಮಾರು 9.4 ಲಕ್ಷ ಜನರನ್ನು ಪ್ರತಿನಿಧಿಸುತ್ತಾರೆ. ವಾಷಿಂಗ್ಟನ್ನಿನ ಪ್ರತಿನಿಧಿ ಸಭೆಯ ಸದಸ್ಯನೊಬ್ಬನ ಕ್ಷೇತ್ರಕ್ಕಿಂತ ಇದು ದೊಡ್ಡದು. ಅವಧಿ 4 ವರ್ಷ. ಆದರೆ ಜನಗಣತಿಯ ನಂತರ ಕ್ಷೇತ್ರಗಳ ಗಡಿ ಮತ್ತೆ ಎಳೆದಾಗ ಎಲ್ಲ 31 ಸ್ಥಾನಗಳಿಗೂ ಒಟ್ಟಿಗೆ ಚುನಾವಣೆ ನಡೆದು, ಗೆದ್ದು ಬಂದವರಲ್ಲಿ ಯಾರಿಗೆ 2 ವರ್ಷ, ಯಾರಿಗೆ 4 ವರ್ಷ ಎಂಬುದನ್ನು ಸದನದಲ್ಲೇ ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ಸಂಬಳ ತಿಂಗಳಿಗೆ 600 ಡಾಲರ್, ಜೊತೆಗೆ ಅಧಿವೇಶನದ ದಿನಗಳಿಗೆ ಭತ್ಯೆ. ಇಷ್ಟರಲ್ಲಿ ಸಂಸಾರ ಸಾಗದು. ವಕೀಲಿಕೆ, ವೈದ್ಯಕೀಯ, ವ್ಯಾಪಾರ, ದನಕರುಗಳ ಸಾಕಣೆ, ಹೀಗೆ ಏನಾದರೊಂದು ಬೇರೆ ಕಸುಬು ಇರುವವರೇ ಸೆನೆಟರ್ ಆಗುತ್ತಾರೆ. ಬೇರೆ ಕಸುಬಿಲ್ಲದ ಬಡವ ಆಗಲಾರ ಎಂಬ ಅರ್ಥವೂ ಇದರಲ್ಲಿ ಅಡಗಿದೆ.

ಮೇಲ್ಮನೆ ಎಂದೊಡನೆ ಕನ್ನಡದ ಓದುಗರಿಗೆ ನೆನಪಾಗುವುದು ವಿಧಾನ ಪರಿಷತ್ತು. ಹೋಲಿಕೆ ಹೆಸರಿನಲ್ಲಷ್ಟೇ. ಪರಿಷತ್ತಿನ 75 ಸದಸ್ಯರಲ್ಲಿ ಸಾಮಾನ್ಯ ಮತದಾರ ನೇರವಾಗಿ ಆರಿಸಿದವರು ಯಾರೂ ಇಲ್ಲ. ಶಾಸಕರು, ಸ್ಥಳೀಯ ಸಂಸ್ಥೆಗಳು, ಪದವೀಧರರು, ಶಿಕ್ಷಕರು ಆರಿಸಿದವರ ಜೊತೆಗೆ ನಾಮಕರಣಗೊಂಡವರು ಅಲ್ಲಿ ಕೂರುತ್ತಾರೆ. ಕೆಳಮನೆ ಹಟ ಹಿಡಿದರೆ ಪರಿಷತ್ತು ಮಸೂದೆಯನ್ನು ತಡಮಾಡಬಹುದು, ತಡೆಯಲಾರದು. ಟೆಕ್ಸಸ್ ಸೆನೆಟ್ ಹಾಗಲ್ಲ. ಅದು ಒಪ್ಪದಿದ್ದರೆ ಯಾವ ಮಸೂದೆಯೂ ಕಾನೂನಾಗದು. ತೆರಿಗೆಯ ಮಸೂದೆ ಮೊದಲು ಕೆಳಮನೆಯಲ್ಲಿ ಹುಟ್ಟಬೇಕು ಎಂಬುದೊಂದೇ ಕೊರತೆ. ಅದಕ್ಕೆ ಬದಲಾಗಿ ಗವರ್ನರ್ ಮಾಡುವ ನೇಮಕಗಳಿಗೆ ಒಪ್ಪಿಗೆ ಕೊಡುವ ಅಧಿಕಾರ ಸೆನೆಟ್ಟಿಗೆ ಮಾತ್ರ ಇದೆ.

ಸಭಾಂಗಣವಿರುವುದು 1888ರಲ್ಲಿ ಕೆಂಪು ಗ್ರಾನೈಟಿನಲ್ಲಿ ಕಟ್ಟಿ ಮುಗಿಸಿದ ಶಾಸನಭವನದ ಎರಡನೇ ಅಂತಸ್ತಿನ ಪೂರ್ವದ ತೋಳಿನಲ್ಲಿ. ವಾಲ್‌ನಟ್ ಮರದ ಮೇಜುಗಳು ಅದೇ ಕಾಲದವು. ಗೋಡೆಯ ಮೇಲೆ ಹೆನ್ರಿ ಮೆಕ್‌ಆರ್ಡಲ್ ಬರೆದ ಎರಡು ಬೃಹತ್ ಯುದ್ಧಚಿತ್ರಗಳಿವೆ: ಒಂದು ಅಲಾಮೊ ಕೋಟೆಯ ಬೆಳಗು, ಇನ್ನೊಂದು ಸ್ಯಾನ್ ಹಸಿಂಟೊ ಕಾಳಗ. 1983ರ ಫೆಬ್ರುವರಿಯಲ್ಲಿ ಸಭಾಂಗಣದ ಹಿಂಬದಿಯ ಲೆಫ್ಟಿನೆಂಟ್ ಗವರ್ನರ್ ವಸತಿಯಲ್ಲಿ ಹೊತ್ತಿದ ಬೆಂಕಿಗೆ ಪೂರ್ವದ ತೋಳು ಹಾಳಾಯಿತು, ಒಬ್ಬರು ಸತ್ತರು. ಮೇಜುಗಳ ಸುತ್ತ ಹಿತ್ತಾಳೆಯ ಕಂಬಿ ಇದೆ. ಅದರೊಳಕ್ಕೆ ಸದಸ್ಯರಲ್ಲದವರಿಗೆ ಸುಲಭ ಪ್ರವೇಶವಿಲ್ಲ. ಆಡಳಿತ ಪಕ್ಷ ಒಂದು ಮಗ್ಗುಲು, ವಿರೋಧ ಪಕ್ಷ ಇನ್ನೊಂದು ಮಗ್ಗುಲು ಎಂಬ ಏರ್ಪಾಡು ಇಲ್ಲಿಲ್ಲ. ಹಿರಿತನದ ಪ್ರಕಾರ ಸದಸ್ಯರು ಮೇಜು ಆರಿಸಿಕೊಳ್ಳುತ್ತಾರೆ, ಹಾಗಾಗಿ ರಿಪಬ್ಲಿಕನ್ನರೂ ಡೆಮಾಕ್ರಾಟರೂ ಬೆರೆತು ಕೂತಿರುತ್ತಾರೆ. ಮಂತ್ರಿಗಳು ಸದನದಲ್ಲಿ ಕೂರುವುದೇ ಇಲ್ಲ. ಉತ್ತರ ಹೇಳಬೇಕಾದವರೇ ಇಲ್ಲದ ಮೇಲೆ ಪ್ರಶ್ನೋತ್ತರ ಅವಧಿಯೂ ಇಲ್ಲ, ಶೂನ್ಯವೇಳೆಯೂ ಇಲ್ಲ. ಇಲಾಖೆಯ ಅಧಿಕಾರಿಯನ್ನು ಪ್ರಶ್ನಿಸಬೇಕೆಂದರೆ ಅದಕ್ಕೆ ಸಮಿತಿಯ ಕೊಠಡಿಯೇ ಜಾಗ.

ಪೀಠದಲ್ಲಿ ಕೂರುವವರು ಲೆಫ್ಟಿನೆಂಟ್ ಗವರ್ನರ್. ದೆಹಲಿ, ಪುದುಚೇರಿಗಳಲ್ಲಿ ಈ ಹೆಸರಿನ ಹುದ್ದೆಗೆ ಕೇಂದ್ರ ಸರ್ಕಾರದ ಸಲಹೆಯ ಮೇಲೆ ನೇಮಕವಾಗುತ್ತದೆ. ಟೆಕ್ಸಸ್‌ನಲ್ಲಿ ಇಡೀ ರಾಜ್ಯದ ಮತದಾರರು ಅವರನ್ನು 4 ವರ್ಷಕ್ಕೆ ಆರಿಸುತ್ತಾರೆ. ಅವರು ಸೆನೆಟ್‌ನ ಸದಸ್ಯರಲ್ಲ. ಮತ ಸಮಸಮವಾದಾಗ ಮತ್ತು ಇಡೀ ಸದನವೇ ಸಮಿತಿಯಾಗಿ ಕೂತಾಗ ಮಾತ್ರ ಮತ ಹಾಕುತ್ತಾರೆ. ಆದರೂ ರಾಜ್ಯದ ರಾಜಕಾರಣದಲ್ಲಿ ಗವರ್ನರಿಗಿಂತ ಇವರ ಕೈಯೇ ಮೇಲು ಎಂಬ ಮಾತಿದೆ. ಸಮಿತಿಗಳಿಗೆ ಸದಸ್ಯರನ್ನೂ ಅಧ್ಯಕ್ಷರನ್ನೂ ನೇಮಿಸುವವರು, ಯಾವ ಮಸೂದೆ ಯಾವ ಸಮಿತಿಗೆ ಎಂದು ಹೇಳುವವರು, ಮಾತಾಡಲು ಯಾರನ್ನು ಕರೆಯಬೇಕೆಂದು ತೀರ್ಮಾನಿಸುವವರು ಅವರೇ. ಈ ಅಧಿಕಾರದಲ್ಲಿ ಹೆಚ್ಚಿನದು ಸಂವಿಧಾನ ಕೊಟ್ಟದ್ದಲ್ಲ, ಅಧಿವೇಶನದ ಆರಂಭದಲ್ಲಿ ಸದಸ್ಯರೇ ಬಹುಮತದಿಂದ ಒಪ್ಪುವ ನಿಯಮಾವಳಿ ಕೊಟ್ಟದ್ದು. ಬಿಲ್ ಹಾಬಿ 1973ರಿಂದ 1991ರ ತನಕ 18 ವರ್ಷ ಈ ಪೀಠದಲ್ಲಿದ್ದರು. 2015ರ ಜನವರಿಯಿಂದ ಡ್ಯಾನ್ ಪ್ಯಾಟ್ರಿಕ್ ಇದ್ದಾರೆ.

ದಿನದ ಕಲಾಪ ಸಾಮಾನ್ಯವಾಗಿ ಬೆಳಿಗ್ಗೆ 11ರ ಸುಮಾರಿಗೆ ಶುರುವಾಗುತ್ತದೆ. ಸದನದ ಕಾರ್ಯದರ್ಶಿ ಹಾಜರಿ ಕೂಗುತ್ತಾರೆ. ಕೋರಂಗೆ ಮೂರನೇ ಎರಡು ಭಾಗ, ಅಂದರೆ 21 ಮಂದಿ ಬೇಕು. ಪ್ರಾರ್ಥನೆ ಆಗುತ್ತದೆ, ಹಿಂದಿನ ದಿನದ ನಡಾವಳಿಯನ್ನು ಓದಿ ಹೇಳಬೇಕೆಂದಿದ್ದರೂ, ಓದುವುದು ಬೇಡವೆಂದು ಎಲ್ಲರೂ ಒಪ್ಪಿ ಮುಂದೆ ಹೋಗುತ್ತಾರೆ. ದಿನದ ಮೊದಲ ಕೆಲಸವೇ ಒಂದು ನಿಯಮವನ್ನು ಬದಿಗಿಡುವುದು ಎಂಬುದನ್ನು ಗಮನಿಸಬೇಕು. ಆಮೇಲೆ ‘ಬೆಳಗಿನ ಕರೆ’ ಎಂಬ ಭಾಗ: ಗವರ್ನರ್ ಕಳಿಸಿದ ಪತ್ರಗಳು, ಕೆಳಮನೆಯಿಂದ ಬಂದ ಸಂದೇಶಗಳು, ಸಮಿತಿಗಳ ವರದಿಗಳು, ನಿರ್ಣಯಗಳು, ಮಸೂದೆಗಳ ಮೊದಲ ಓದು. ಮೊದಲ ಓದು ಎಂದರೆ ಮಸೂದೆಯ ಶೀರ್ಷಿಕೆಯನ್ನಷ್ಟೇ ಓದಿ, ಇಂಥ ಸಮಿತಿಗೆ ಎಂದು ಹೇಳಿ ಮುಗಿಸುವುದು. ಬಹಳ ಸಲ ಸದಸ್ಯರೆಲ್ಲ ಎದ್ದುಹೋದ ಮೇಲೆ, ಖಾಲಿ ಮೇಜುಗಳ ಮುಂದೆ, ಸಿಬ್ಬಂದಿ ಒಂದೇ ಸಮನೆ ಓದುತ್ತಾ ಹೋಗುವ ಕೆಲಸ ಇದು.

ನಿರ್ಣಯಗಳ ಹೊತ್ತಿನಲ್ಲಿ ಗ್ಯಾಲರಿ ತುಂಬಿರುತ್ತದೆ. ಪಂದ್ಯ ಗೆದ್ದ ಶಾಲೆಯ ತಂಡ, ನಿವೃತ್ತನಾದ ಅಗ್ನಿಶಾಮಕ ಅಧಿಕಾರಿ, ನೂರು ತುಂಬಿದ ಅಜ್ಜಿ, ಯಾವುದೋ ಕೌಂಟಿಯಿಂದ ಬಸ್ಸಿನಲ್ಲಿ ಬಂದ ನಾಗರಿಕರು, ಎಲ್ಲರ ಹೆಸರೂ ನಡಾವಳಿಗೆ ಸೇರುತ್ತದೆ. ಆ ದಿನ ಸದನದ ಆರೋಗ್ಯ ನೋಡಿಕೊಳ್ಳಲು ಸ್ವಇಚ್ಛೆಯಿಂದ ಬಂದ ವೈದ್ಯರನ್ನು ‘ಇಂದಿನ ವೈದ್ಯರು’ ಎಂದು ಪರಿಚಯಿಸಿ ಚಪ್ಪಾಳೆ ತಟ್ಟುತ್ತಾರೆ. ಕ್ಷೇತ್ರದಲ್ಲಿ ತೀರಿಕೊಂಡವರ ಸ್ಮರಣೆಯ ನಿರ್ಣಯವಾದರೆ ಕುಟುಂಬದವರು ಗ್ಯಾಲರಿಯಲ್ಲಿ ಎದ್ದು ನಿಲ್ಲುತ್ತಾರೆ. ಕೆಲವು ದಿನ ಸದನ ಮುಗಿಯುವುದೂ ಇಂಥವರ ನೆನಪಿನಲ್ಲಿ ಮುಂದೂಡಲಾಗಿದೆ ಎಂಬ ಸೂಚನೆಯೊಂದಿಗೆ. ಸಮಯ ದಂಡ ಎಂದು ಪತ್ರಕರ್ತರು ಗೊಣಗುವುದುಂಟು. 140 ದಿನದ ಲೆಕ್ಕದಲ್ಲಿ ಗೊಣಗುವಿಕೆ ಸರಿಯೇ. ಆದರೆ 9.4 ಲಕ್ಷ ಜನರ ಪ್ರತಿನಿಧಿಗೆ ತನ್ನ ಊರಿನವರೊಂದಿಗೆ ಮುಖಾಮುಖಿಯಾಗುವ ಹೊತ್ತು ಇದಕ್ಕಿಂತ ಹೆಚ್ಚೇನೂ ಸಿಗುವುದಿಲ್ಲ.

ಅಧಿವೇಶನದ ಮೊದಲ 30 ದಿನ ಮಂಡನೆಗೆ, ಮುಂದಿನ 30 ದಿನ ಸಮಿತಿಗಳ ವಿಚಾರಣೆಗೆ, ಉಳಿದದ್ದು ಸದನದ ಚರ್ಚೆಗೆ ಎಂದು ಸಂವಿಧಾನ ಹಂಚಿದೆ. ಗವರ್ನರ್ ‘ತುರ್ತು’ ಎಂದು ಹೆಸರಿಸಿದ ವಿಷಯ ಬೇಗ ಬರಬಹುದು. ಉಳಿದದ್ದಕ್ಕೆ ಐದನೇ ನಾಲ್ಕು ಭಾಗ ಸದಸ್ಯರು ಒಪ್ಪಿದರೆ ಈ ಹಂಚಿಕೆಯೂ ಬದಿಗೆ ಸರಿಯುತ್ತದೆ. ಸಮಿತಿಯ ಕೊಠಡಿಯಲ್ಲಿ ಸಾಮಾನ್ಯ ಜನರಿಗೆ ಮಾತಾಡುವ ಅವಕಾಶವಿದೆ. ಹೆಸರು ನೋಂದಾಯಿಸಿ, ಪರವೋ ವಿರೋಧವೋ ಎಂದು ಗುರುತು ಮಾಡಿ, ಸರದಿ ಬಂದಾಗ ಎರಡು ಮೂರು ನಿಮಿಷದಲ್ಲಿ ಹೇಳಿ ಮುಗಿಸಬೇಕು. ದೊಡ್ಡ ವಿವಾದದ ಮಸೂದೆಯಾದರೆ ಸರದಿ ನಡುರಾತ್ರಿ ದಾಟುತ್ತದೆ. ಖಜಾನೆಗೆ ಬೀಳುವ ಹೊರೆ ಎಷ್ಟೆಂದು ತಿಳಿಸುವ ವೆಚ್ಚದ ಟಿಪ್ಪಣಿ ಮಸೂದೆಯ ಜೊತೆಗಿರುತ್ತದೆ. ಆ ಒಂದು ಹಾಳೆಯ ಅಂಕಿಗೇ ಪ್ರಾಣ ಬಿಟ್ಟ ಮಸೂದೆಗಳು ಕಡಿಮೆಯಲ್ಲ. ಸೆನೆಟರ್‌ನ ಕೈಯಲ್ಲಿ ‘ಟ್ಯಾಗ್’ ಎಂಬ ಅಸ್ತ್ರವೂ ಇದೆ. ವಿಚಾರಣೆಗೆ 48 ಗಂಟೆ ಮುಂಚೆ ತನಗೆ ಲಿಖಿತ ಸೂಚನೆ ಕೊಡಬೇಕೆಂದು ಒಬ್ಬ ಸದಸ್ಯ ಕೇಳಿದರೆ ಸಾಕು, ಮಸೂದೆ ನಿಲ್ಲುತ್ತದೆ. ಫೆಬ್ರುವರಿಯಲ್ಲಿ ಟ್ಯಾಗ್ ಹಾಕಿದರೆ ಎರಡು ದಿನದ ತಡ. ಮೇ ಕೊನೆಯಲ್ಲಿ ಹಾಕಿದರೆ ಮರಣದಂಡನೆ.

ಸಮಿತಿ ದಾಟಿದ ಮಸೂದೆಗಳು, ದಾಟಿದ ಕ್ರಮದಲ್ಲೇ, ಸದನದ ಪಟ್ಟಿಗೆ ಸೇರುತ್ತವೆ. ಆ ಕ್ರಮದಲ್ಲೇ ಅವುಗಳನ್ನು ಎತ್ತಿಕೊಳ್ಳಬೇಕು ಎನ್ನುವುದು ನಿಯಮ. ಈ ಸದನದ ಇಡೀ ಮರ್ಮ ಇರುವುದು ಈ ನಿಯಮವನ್ನು ನಡೆಸಿಕೊಳ್ಳುವ ರೀತಿಯಲ್ಲಿ. ಅಧಿವೇಶನದ ಆರಂಭದಲ್ಲೇ ಯಾರಿಗೂ ಬೇಕಿಲ್ಲದ, ಯಾರೂ ವಿರೋಧಿಸದ ಒಂದು ಮಸೂದೆಯನ್ನು ಬೇಗಬೇಗ ಸಮಿತಿ ದಾಟಿಸಿ ಪಟ್ಟಿಯ ತಲೆಗೆ ತಂದು ಕೂರಿಸುತ್ತಾರೆ. ಕೌಂಟಿಯ ಉದ್ಯಾನಗಳನ್ನು ಅಂದಗೊಳಿಸುವ ಕಾರ್ಯಕ್ರಮದ ಮಸೂದೆ ಹಲವು ಅಧಿವೇಶನಗಳಲ್ಲಿ ಈ ಪಾತ್ರ ವಹಿಸಿತು. ಅದನ್ನು ಮಂಡಿಸಿದವರೂ ಸೇರಿ ಯಾರೂ ಅದನ್ನು ಎತ್ತಿಕೊಳ್ಳುವುದಿಲ್ಲ. 140 ದಿನವೂ ಅದು ಅಲ್ಲೇ ಬಾಗಿಲಿಗಡ್ಡ ಬಿದ್ದಿರುತ್ತದೆ. ‘ಬ್ಲಾಕರ್’ ಎಂದೇ ಅದರ ಹೆಸರು. ಅದರ ಹಿಂದಿರುವ ಯಾವ ಮಸೂದೆ ಮುಂದೆ ಬರಬೇಕಾದರೂ ಸರದಿಯ ನಿಯಮವನ್ನು ಆ ಮಸೂದೆಯ ಮಟ್ಟಿಗೆ ಅಮಾನತಿನಲ್ಲಿಡಬೇಕು. ಹಾಗೆ ಇಡಲು ಬರಿಯ ಬಹುಮತ ಸಾಲದು.

ಎಷ್ಟು ಮತ ಬೇಕು ಎಂಬ ಅಂಕಿ ಟೆಕ್ಸಸ್‌ನ ರಾಜಕಾರಣದ ಜಾತಕವಿದ್ದಂತೆ. ದಶಕಗಳ ಕಾಲ ಮೂರನೇ ಎರಡು ಭಾಗ ಬೇಕಿತ್ತು: 31ರಲ್ಲಿ 21. ಅಂದರೆ 11 ಮಂದಿ ಒಗ್ಗಟ್ಟಾದರೆ ಮಸೂದೆ ಚರ್ಚೆಗೇ ಬರುತ್ತಿರಲಿಲ್ಲ. ಹಾಗಾಗಿ ಯಾವ ಪಕ್ಷ ಗೆದ್ದರೂ ಎದುರಿನವರ ಒಂದಿಷ್ಟು ಮತ ಕೂಡಿಸಿಕೊಳ್ಳದೆ ಗತಿಯಿರಲಿಲ್ಲ. 2015ರ ಜನವರಿಯಲ್ಲಿ ಇದನ್ನು ಐದನೇ ಮೂರು ಭಾಗಕ್ಕೆ ಇಳಿಸಿದರು: 19 ಮತ. ಆಗ ರಿಪಬ್ಲಿಕನ್ನರು 20 ಮಂದಿ ಇದ್ದರು. 2020ರ ಚುನಾವಣೆಯ ನಂತರ ಅವರು 18ಕ್ಕೆ ಬಂದರು. 2021ರ ಜನವರಿಯಲ್ಲಿ ನಿಯಮ ಒಂಬತ್ತನೇ ಐದು ಭಾಗವಾಯಿತು: ಸರಿಯಾಗಿ 18 ಮತ. ತಲೆಗೆ ತಕ್ಕ ಟೋಪಿ ಹೊಲಿಯುವುದು ಇದಕ್ಕಿಂತ ಕರಾರುವಾಕ್ಕಾಗಿ ನಡೆಯಲಾರದು. ಆರಿಸಿ ಬಂದ ಬಹುಮತಕ್ಕೆ ಕೆಲಸ ಮಾಡಲು ಬಿಡಬೇಕು ಎನ್ನುವುದು ಬದಲಾವಣೆ ತಂದವರ ವಾದ, ಅದರಲ್ಲಿ ಹುರುಳಿದೆ. ಆದರೆ ಬಾಗಿಲಿಗಡ್ಡ ಬಿದ್ದ ಉದ್ಯಾನದ ಮಸೂದೆ ಎರಡು ಪಕ್ಷದವರನ್ನು ಮಾತಿಗೆ ಕೂರಿಸುತ್ತಿತ್ತು. ಈಗ ಅಡ್ಡಗಟ್ಟು ಉಳಿದಿದೆ, ಮಾತು ಕಡಿಮೆಯಾಗಿದೆ.

ಮಸೂದೆ ಎತ್ತಿಕೊಳ್ಳುವ ಇಚ್ಛೆಯನ್ನು ಸೆನೆಟರ್ ಹಿಂದಿನ ದಿನವೇ ಬರೆದು ಕೊಡುತ್ತಾರೆ. ಅಂಥವೆಲ್ಲ ಸೇರಿ ‘ಇಚ್ಛಾಪಟ್ಟಿ’ ಆಗುತ್ತದೆ, ಸದಸ್ಯರು ನಿಜವಾಗಿ ಕಣ್ಣಾಡಿಸುವುದು ಅದರ ಮೇಲೆ. ಪಟ್ಟಿಯಲ್ಲಿ ಹೆಸರಿದೆಯೆಂದು ಮಸೂದೆ ಬಂದೇ ಬರುತ್ತದೆಂದಲ್ಲ. ಬೇಕಾದ ಮತ ಕೈಯಲ್ಲಿದೆಯೇ ಎಂದು ಮೇಜಿನಿಂದ ಮೇಜಿಗೆ ಓಡಾಡಿ ಎಣಿಸಿಕೊಂಡ ಮೇಲೆಯೇ ಸದಸ್ಯರು ಎದ್ದು ನಿಲ್ಲುತ್ತಾರೆ. ಲೆಕ್ಕ ಒಂದು ಕಡಿಮೆ ಬಿದ್ದರೆ ಸುಮ್ಮನೆ ಕೂತು ಮರುದಿನ ಮತ್ತೆ ಬರೆದು ಕೊಡುತ್ತಾರೆ. ಸದನದಲ್ಲಿ ಸೋಲುವ ಮಸೂದೆಗಳು ಅಪರೂಪವೆಂದು ಅಂಕಿಗಳು ಹೇಳುತ್ತವೆಯಾದರೆ ಕಾರಣ ಇದೇ. ಸೋಲುವಂಥವು ಎದ್ದು ನಿಲ್ಲುವುದೇ ಇಲ್ಲ.

ಸರದಿಯ ನಿಯಮ ಸರಿಸಿದ ಮೇಲೆ ಎರಡನೇ ಓದು. ತಿದ್ದುಪಡಿಗಳು ಬರುವುದು, ನಿಜವಾದ ಚರ್ಚೆ ನಡೆಯುವುದು ಇಲ್ಲಿ. ಇದಾದೊಡನೆ ಇನ್ನೊಂದು ಗೋಡೆ. ಪ್ರತಿ ಮಸೂದೆಯನ್ನು ಮೂರು ಬೇರೆ ಬೇರೆ ದಿನ ಓದಬೇಕೆಂದು ಸಂವಿಧಾನ ಹೇಳುತ್ತದೆ. ಸಾರ್ವಜನಿಕ ಅಗತ್ಯ ಅನಿವಾರ್ಯವಾದಾಗ ಮಾತ್ರ ಐದನೇ ನಾಲ್ಕು ಭಾಗ ಮತದಿಂದ ಇದನ್ನು ಬಿಡಬಹುದು. ಆತುರದಲ್ಲಿ ಕಾನೂನಾಗದಿರಲಿ, ಒಂದು ರಾತ್ರಿ ನಿದ್ದೆ ಮಾಡಿ ಎದ್ದು ಯೋಚಿಸಲಿ ಎಂಬ ಹಿರಿಯರ ಎಚ್ಚರ ಇದು. ವಾಸ್ತವದಲ್ಲಿ ಸೆನೆಟ್‌ನಲ್ಲಿ ಎಷ್ಟೋ ಮಸೂದೆಗಳು ಎರಡನೇ ಓದಿನ ಬೆನ್ನಿಗೇ ಈ ಸಡಿಲಿಕೆ ಪಡೆದು, ಮೂರನೇ ಓದೂ ಮುಗಿಸಿ, ಕೆಲವೇ ನಿಮಿಷಗಳಲ್ಲಿ ಅಂಗೀಕಾರವಾಗುತ್ತವೆ. ಅನಿವಾರ್ಯ ಎಂಬ ಪದ ಸವೆದು ರೂಢಿಯ ಮಾತಾಗಿದೆ. ಸ್ಯಾನ್ ಆಂಟೋನಿಯೋ ಕಡೆಯ ಜೆಫ್ ವೆಂಟ್‌ವರ್ತ್ ಎಂಬ ಸೆನೆಟರ್ ಇದನ್ನು ಒಪ್ಪಲಿಲ್ಲ. ಮಸೂದೆ ತಮಗೆ ಇಷ್ಟವಾದದ್ದೇ ಇದ್ದರೂ ಮೂರು ದಿನದ ನಿಯಮ ಬಿಡುವ ಸೂಚನೆಗೆ ವಿರುದ್ಧ ಮತ ಹಾಕಿ, ಕಾರಣವನ್ನು ಲಿಖಿತವಾಗಿ ನಡಾವಳಿಗೆ ಸೇರಿಸುತ್ತಿದ್ದರು. ಆ ಕಾಲದ ನಡಾವಳಿಯಲ್ಲಿ 30ಕ್ಕೆ 1 ಎಂಬ ಎಣಿಕೆಯೂ, ಅದರ ಕೆಳಗೆ ಅದೇ ಟಿಪ್ಪಣಿಯೂ ಪುಟ ಪುಟದಲ್ಲಿ ಮರುಕಳಿಸುತ್ತವೆ. ನಂತರದ ಅಂಗೀಕಾರಕ್ಕೆ ಅದೇ ವೆಂಟ್‌ವರ್ತ್ ಪರವಾಗಿ ಮತ ಹಾಕಿದ್ದೂ ಉಂಟು. ಹಟವೆನ್ನುವವರು ಎನ್ನಲಿ, ಸಂವಿಧಾನವನ್ನು ಬರೆದಂತೆ ಓದಿದ ಸದಸ್ಯರು ಅವರು. ವಿವಾದದ ಮಸೂದೆಗೆ ಐದನೇ ನಾಲ್ಕು ಭಾಗ ಸಿಗದಿದ್ದರೆ ಸದನಕ್ಕೆ ಬೇರೆ ಉಪಾಯ ಇದೆ: ಎರಡನೇ ಓದು ಮುಗಿಸಿ ಮುಂದೂಡಿ, ನಡುರಾತ್ರಿ 12 ದಾಟಿದೊಡನೆ ಮತ್ತೆ ಕೂಡಿ, ಹೊಸ ದಿನವಾಯಿತೆಂದು ಮೂರನೇ ಓದು ಮುಗಿಸುವುದು.

ಮತ ಎಣಿಕೆಗೆ ಯಂತ್ರವಿಲ್ಲ. 31 ಹೆಸರು ಕೂಗಲು ಒಂದೆರಡು ನಿಮಿಷ ಸಾಕು. ಮಸೂದೆಗಳ ಅಂತಿಮ ಅಂಗೀಕಾರದಲ್ಲಿ ಯಾರು ಹೇಗೆ ಮತ ಹಾಕಿದರೆಂದು ದಾಖಲಿಸಿ ಅಂತರ್ಜಾಲದಲ್ಲಿ ಪ್ರಕಟಿಸಬೇಕೆಂದು 2007ರ ಸಂವಿಧಾನ ತಿದ್ದುಪಡಿ ಕಡ್ಡಾಯ ಮಾಡಿತು. ಸ್ಥಳೀಯ ಮತ್ತು ತಕರಾರಿಲ್ಲದ ಮಸೂದೆಗಳಿಗೆ ಬೇರೆಯೇ ಪಟ್ಟಿ ಇದೆ. ಯಾವುದೋ ಊರಿನ ನೀರಿನ ಮಂಡಳಿ, ಹೆದ್ದಾರಿಯ ತುಂಡಿಗೆ ಹುತಾತ್ಮ ಪೊಲೀಸನ ಹೆಸರು, ಇಂಥವನ್ನು ಬೆಳಿಗ್ಗೆ ಬೇಗ ಸೇರಿ ಡಜನ್‌ಗಟ್ಟಲೆ ಮುಗಿಸಿಬಿಡುತ್ತಾರೆ. ಆಕ್ಷೇಪ ಬಂದ ಮಸೂದೆ ಆ ಪಟ್ಟಿಯಿಂದ ಉದುರುತ್ತದೆ.

ಗವರ್ನರ್ ಮಾಡಿದ ನೇಮಕಗಳಿಗೆ ಒಪ್ಪಿಗೆ ಕೊಡಲು ಮೂರನೇ ಎರಡು ಭಾಗ ಮತ ಬೇಕು. ನೇಮಕಗೊಂಡವರ ಸ್ವಂತ ಊರಿನ ಸೆನೆಟರ್ ಬೇಡವೆಂದರೆ ಉಳಿದವರು ಪ್ರಶ್ನಿಸದೆ ಬೇಡವೆನ್ನುವುದು ಹಳೆಯ ಸೌಜನ್ಯ. ಕಾರಣ ಹೇಳಬೇಕಾಗಿಯೂ ಇಲ್ಲ.

ಎರಡು ಸದನಗಳ ಪಾಠ ಬೇರೆಬೇರೆಯಾದರೆ ತಲಾ 5 ಸದಸ್ಯರ ಸಂಧಾನ ಸಮಿತಿ ಕೂರುತ್ತದೆ. ಒಪ್ಪಿದ ಮಸೂದೆಯ ಶೀರ್ಷಿಕೆ ಓದಿ, ಪೀಠದಲ್ಲಿರುವವರು ಸದನದ ಸಮ್ಮುಖದಲ್ಲೇ ಸಹಿ ಹಾಕಬೇಕು. ಹಾಕಿದರೆಂಬುದು ನಡಾವಳಿಯಲ್ಲಿ ದಾಖಲಾಗಬೇಕು. ಒಣ ವಿಧಿಯಂತೆ ಕಾಣುವ ಇದು 2013ರ ಜೂನ್ 25ರ ರಾತ್ರಿ ನಿರ್ಣಾಯಕವಾಯಿತು. ವಿಶೇಷ ಅಧಿವೇಶನದ ಆ ಕೊನೆಯ ದಿನ ಸೆನೆಟರ್ ವೆಂಡಿ ಡೇವಿಸ್ ಗರ್ಭಪಾತ ನಿರ್ಬಂಧದ ಮಸೂದೆಯ ವಿರುದ್ಧ ಸುಮಾರು 11 ಗಂಟೆ ನಿಂತು ಮಾತಾಡಿದರು. ಹಾಗೆ ಮಾತಾಡುವವರು ಕೂರಬಾರದು, ಮೇಜಿಗೆ ಒರಗಬಾರದು, ವಿಷಯ ಬಿಟ್ಟು ಹೋಗಬಾರದು. 1977ರಲ್ಲಿ ಬಿಲ್ ಮೈಯರ್ 43 ಗಂಟೆ ನಿಂತದ್ದು ಈ ಸದನದ ದಾಖಲೆ. ಡೇವಿಸ್ ಮಾತನ್ನು ಕ್ರಿಯಾಲೋಪ ಎತ್ತಿ ನಿಲ್ಲಿಸಿದಾಗ ಗ್ಯಾಲರಿಯ ಕೂಗಾಟದಲ್ಲಿ ಮತದಾನ ನಡುರಾತ್ರಿ 12 ದಾಟಿತು. ಬಹುಮತ ಸಿಕ್ಕಿತ್ತು, ಆದರೆ ಗಡುವಿನೊಳಗೆ ಪೀಠದ ಸಹಿ ಬಿದ್ದಿರಲಿಲ್ಲ. ಮಸೂದೆ ಬಿತ್ತು. ಮುಂದಿನ ತಿಂಗಳು ಮತ್ತೊಂದು ವಿಶೇಷ ಅಧಿವೇಶನ ಕರೆದು ಅದೇ ವಿಷಯವನ್ನು ಕಾನೂನು ಮಾಡಿದರು. 2016ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದುಮಾಡಿತು.

ಕೋರಂನ ಅಂಕಿಯೂ ಹೀಗೆ ಆಯುಧವಾದದ್ದಿದೆ. 1979ರಲ್ಲಿ 12 ಸೆನೆಟರುಗಳು ನಾಲ್ಕೂವರೆ ದಿನ ಆಸ್ಟಿನ್‌ನಲ್ಲೇ ಒಂದು ಗ್ಯಾರೇಜಿನ ಮೇಲಿನ ಮನೆಯಲ್ಲಿ ಅಡಗಿ ಕೂತರು. ಉಳಿದವರು 19, ಸದನ ನಡೆಯಲಿಲ್ಲ. ಹುಡುಕಿಕೊಂಡು ಹೋದ ಪೊಲೀಸರು ಒಬ್ಬ ಸೆನೆಟರ್ ಎಂದುಕೊಂಡು ಅವರ ಸೋದರನನ್ನು ಹೆಲಿಕಾಪ್ಟರಿನಲ್ಲಿ ಕರೆತಂದ ಕಥೆ ಶಾಸನಭವನದಲ್ಲಿ ಇಂದಿಗೂ ನಗು ತರಿಸುತ್ತದೆ. 2003ರಲ್ಲಿ 11 ಮಂದಿ ನೆರೆಯ ನ್ಯೂ ಮೆಕ್ಸಿಕೋ ರಾಜ್ಯದ ಆಲ್ಬುಕರ್ಕಿಗೆ ಹೋದರು. ಉಳಿದವರು 20, ಒಂದು ತಲೆ ಕಡಿಮೆ.

140ನೇ ದಿನ ಕಲಾಪ ಮತ್ತೆ ಮೊದಲ ದಿನದ ಶಾಂತಿಗೆ ಮರಳುತ್ತದೆ. ಲೆಫ್ಟಿನೆಂಟ್ ಗವರ್ನರ್ ಇಲ್ಲದಾಗ ಪೀಠ ನೋಡಿಕೊಳ್ಳುವ ಹಂಗಾಮಿ ಅಧ್ಯಕ್ಷರನ್ನು ಹಿರಿತನ ನೋಡಿ ಆರಿಸುತ್ತಾರೆ. ಕೆಲಸ ಮುಗಿಯಿತೆಂದು ಗವರ್ನರಿಗೂ ಕೆಳಮನೆಗೂ ತಿಳಿಸಲು ಸದಸ್ಯರನ್ನು ಕಳಿಸುತ್ತಾರೆ. ಆಮೇಲೆ ಅನಿರ್ದಿಷ್ಟಾವಧಿಗೆ ಮುಂದೂಡಿಕೆ. ಕೊನೆಯ ದಿನಗಳಲ್ಲಿ ಕೈಸೇರಿದ ಮಸೂದೆಗಳ ಮೇಲೆ ತೀರ್ಮಾನಕ್ಕೆ ಬರಲು ಗವರ್ನರಿಗೆ ಅಲ್ಲಿಂದ 20 ದಿನ ಕಾಲಾವಕಾಶ. ಅಷ್ಟರಲ್ಲಿ ಅವರು ತಿರಸ್ಕರಿಸಿದರೆ ಮೂರನೇ ಎರಡು ಭಾಗ ಮತದಿಂದ ಅದನ್ನು ಮೀರುವ ಹಕ್ಕು ಶಾಸನಸಭೆಗಿದೆ, ಆದರೆ ಮೀರಲು ಸದನವೇ ಕೂಡಿರುವುದಿಲ್ಲ. ಟೆಕ್ಸಸ್‌ನಲ್ಲಿ ಗವರ್ನರ್ ತಿರಸ್ಕಾರವನ್ನು ಶಾಸನಸಭೆ ಕೊನೆಯ ಸಲ ಮೀರಿದ್ದು 1979ರಲ್ಲಿ.